ಒಂದು ಮಿಲಿಮೀಟರ್ ಮೇಷ್ಟ್ರು

ತುರುವೇಕೆರೆ ಕಡೆ ವಿಜ್ಞಾನದ ಮೇಷ್ಟ್ರನ್ನು ಗುರುತು ಹಿಡಿಯುವುದು ಸುಲಭ. ಬಲಗೈಯಲ್ಲಿ ಸೀಮೆಸುಣ್ಣ, ಎಡಗೈಯಲ್ಲಿ ಮೊಬೈಲು. ಮೊಬೈಲಿನಲ್ಲಿ ತಿಪಟೂರು ಪೇಟೆಯ ಕೊಬ್ಬರಿ ರೇಟು. ಅರ್ಧ ಮೇಷ್ಟ್ರು, ಅರ್ಧ ತೋಟದ ಯಜಮಾನರು. ಯಾವ ಅರ್ಧ ದೊಡ್ಡದೆಂದು ಮನೆಯವರಿಗೂ ಗೊತ್ತಿಲ್ಲ.

ರೇಖಾನಕ್ಷೆಯ ಪಾಠ ಬಂತೆನ್ನಿ. ಪುಸ್ತಕದಲ್ಲಿ ಬಿಸಿನೀರು ಆರುತ್ತಿರಲಿ, ಹುರುಳಿ ಗಿಡ ಬೆಳೆಯುತ್ತಿರಲಿ, ಬೋರ್ಡಿನ ಮೇಲೆ ಬರುವುದು ಉಂಡೆ ಕೊಬ್ಬರಿಯ ಬೆಂಬಲ ಬೆಲೆಯೇ.

"ಯಾರ ಮಾತೂ ಕೇಳದೆ ತನ್ನ ಪಾಡಿಗೆ ಹೋಗೋದು ಯಾವುದ್ರೋ? ವರ್ಷ. ಅದು ಅಡ್ಡಗೆರೆಗೆ. ಅದರ ಹಿಂದೆ ಕುಣಿಯೋದು ಬೆಲೆ. ಅದು ನಿಂತ ಗೆರೆಗೆ. ಕ್ವಿಂಟಾಲಿಗೆ ಇಷ್ಟು ರೂಪಾಯಿ ಅಂತ ಬರೀದಿದ್ರೆ ಮಾರ್ಕು ಸೊನ್ನೆ!"

ಬುಡದಲ್ಲಿ ಸೊನ್ನೆ, ಒಂದು ಸೆಂಟಿಮೀಟರಿಗೆ ಸಾವಿರ ರೂಪಾಯಿ. 2018ಕ್ಕೆ 7,750, 2019ಕ್ಕೆ 9,920. ಈ ಎರಡು ಚುಕ್ಕಿ ಕೂಡಿಸುವಾಗ ಮೇಷ್ಟ್ರ ಹುಬ್ಬೂ ಗೆರೆಯ ಜೊತೆ ಮೇಲೇರುತ್ತದೆ. "ಗೆರೆ ಕಡಿದಾದಷ್ಟೂ ಏರಿಕೆ ಜೋರು." ಆಮೇಲೆ ಮೆಲ್ಲಗೆ ಹತ್ತಿ 2024ಕ್ಕೆ 12,000, 2025ಕ್ಕೆ 12,100. ಅಂದರೆ ಒಂದು ಮಿಲಿಮೀಟರು. ಮೊಂಡು ಪೆನ್ಸಿಲ್ಲಿನವರ ಹಾಳೆಯಲ್ಲಿ ಅದೂ ಕಾಣುವುದಿಲ್ಲ.

"ಸಾ, ಟೀವೀಲಿ ಬೆಲೆ ಜಾಸ್ತಿ ಮಾಡವ್ರೆ ಅಂದ್ರು?" ಹಿಂದಿನ ಬೆಂಚಿನಿಂದ ಹುಡುಗಿ.

ಮೇಷ್ಟ್ರು ಬೋರ್ಡು ಒರೆಸಿ ಬುಡಕ್ಕೆ 12,000 ಬರೆದರು, ಸೆಂಟಿಮೀಟರಿಗೆ ಹತ್ತೇ ರೂಪಾಯಿ ಇಟ್ಟರು. ಅದೇ ನೂರು ರೂಪಾಯಿ ಹತ್ತು ಸೆಂಟಿಮೀಟರ್ ನೆಗೆಯಿತು! "ಬುಡ ಮುಚ್ಚಿಟ್ಟು ಮರದ ಎತ್ತರ ಹೇಳೋರನ್ನ ನಂಬಬೇಡ್ರಿ ಕಣ್ರೋ. ಗೆರೆ ಆಮೇಲೆ ನೋಡಿ, ಮೊದಲು ಬುಡ." ಈ ಒಂದು ಪಾಠಕ್ಕಾಗಿ ಅವರ ಉಳಿದದ್ದನ್ನೆಲ್ಲ ನಾನು ಮನ್ನಿಸಿದ್ದೇನೆ.

ಉಳಿದದ್ದು ಮನೆಯಲ್ಲಿದೆ. ಕೊನೆಯ ಚುಕ್ಕಿಯಿಂದಾಚೆ ಗೆರೆ ಎಳೆಯುವವನು ಜೋಯಿಸ, ವಿಜ್ಞಾನಿಯಲ್ಲ ಎಂದು ಶಾಲೆಯಲ್ಲಿ ಗದರುವವರು, ನಡುಮನೆಯ ಗೋಡೆಗೆ ಪೇಟೆ ಬೆಲೆಯ ನಕ್ಷೆ ಅಂಟಿಸಿಕೊಂಡಿದ್ದಾರೆ. 2023ರಲ್ಲಿ ಪೇಟೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಾಗ, ಗೆರೆಯ ತುದಿಗೆ ಇಳಿಯುವ ಚುಕ್ಕೆಗೆರೆಯೊಂದನ್ನು ಸೇರಿಸಿ, ಅದನ್ನು ನೋಡಿ ತಾವೇ ಹೆದರಿ, ಕೊಬ್ಬರಿಯನ್ನೆಲ್ಲ ಮಾರಿದರು. 2025ರಲ್ಲಿ ಅದೇ ಪೇಟೆ ಏರುತ್ತಿತ್ತು. ಈ ಸಲ ಏರುವ ಚುಕ್ಕೆಗೆರೆ. ತುರುವೇಕೆರೆಯ ಗಂಗಾಧರೇಶ್ವರನ ಗುಡಿಯ ನಂದಿಯಾದರೂ ಎದ್ದೀತು, ಮೇಷ್ಟ್ರು ಕದಲಲಿಲ್ಲ.

"ರೀ, ಈಗಲಾದ್ರೂ ಅಟ್ಟದ ಕೊಬ್ಬರಿ ಇಳಿಸೋಣ. ಇಲಿ ಕಡೀತಾವೆ."

"ತಡಿಯೇ, ಹಾಳೆ ಮುಗೀಲಿ."

ಬೆಲೆ ಬೆಂಬಲ ಬೆಲೆಯ ಎರಡರಷ್ಟನ್ನೂ ದಾಟಿತು. ಹಾಳೆ ಮುಗಿಯಿತು. ಮೇಷ್ಟ್ರು ಏಣಿ ತರಿಸಿದರು. ಮನೆಯವರು ಸಂತೋಷದಿಂದ ಚೀಲ ಕೊಡವಿಕೊಂಡು ಬರುವಷ್ಟರಲ್ಲಿ, ಅವರು ಏಣಿ ಹತ್ತಿ, ಹಳೆಯ ಹಾಳೆಯ ಮೇಲೆ ಇನ್ನೊಂದು ಹಾಳೆ ಅಂಟಿಸುತ್ತಿದ್ದರು.