ನೆತ್ತಿಯ ಮೇಲೆ ಬೈಠಕ್

ಹೊರಗಿನವರ ಮುಂದೆ 'ನಮ್ಮದು ಹಿಂಡಲಗಾ' ಅಂತ ಹೇಳಿ ನೋಡಿ. ಬೆಳಗಾವಿ ಬಲ್ಲವರಾದರೆ ತಡಮಾಡದೆ ಕೇಳುತ್ತಾರೆ: "ಯಾವಾಗ ಬಿಟ್ರು?" 1923ರಿಂದ ಇಲ್ಲಿ ಸೆಂಟ್ರಲ್ ಜೈಲಿದೆ. ಅದರ ಹೆಸರಿನ ಮುಂದೆ ನಮ್ಮ ಗಣಪತಿ ಗುಡಿಗೂ ಎರಡನೇ ನಂಬರೇ. ಆದರೆ ನಮ್ಮ ಓಣಿಯಲ್ಲಿ ಈಗ ಯಾವ ಕೋರ್ಟೂ ಹೇಳದೆ, ತಾನಾಗಿಯೇ ಒಳಗೆ ಹೋಗಿ ಕೂತವನೊಬ್ಬನಿದ್ದಾನೆ. ನನ್ನ ಅಕ್ಕನ ಮಗ. ಬೆಂಗಳೂರಿನ ನೌಕರಿ, ಮನೆಯಿಂದಲೇ ಕೆಲಸ ಅಂತ ಬಂದವನು ಎರಡೂ ಕಿವಿಗೆ ಹೆಡ್‌ಫೋನ್ ಏರಿಸಿಕೊಂಡರೆ ಮುಗಿಯಿತು. ಊಟಕ್ಕೆ ಕೂಗಿದರೆ ಕೇಳುವುದಿಲ್ಲ, ಬಾಗಿಲು ಬಡಿದರೆ ಕೇಳುವುದಿಲ್ಲ. ಪಕ್ಕದ ಕೋಣೆಯಿಂದ ಫೋನಿಗೆ 'ರೊಟ್ಟಿ ಆರತಾವ' ಅಂತ ಮೆಸೇಜು ಹಾಕಿದರೆ ಮಾತ್ರ ಎದ್ದು ಬರುತ್ತಾನೆ.

ಒಂದಾದರೆ ಸರಿ, ಅವನ ಹತ್ತಿರ ಮೂರಿವೆ. ಒಂದು ಸ್ವಂತದ್ದು, ಒಂದು ಸೆಕೆಂಡ್ ಹ್ಯಾಂಡು, ಮೂರನೆಯದು ಗೆಳೆಯನದು. ಆ ಮೂರನೆಯದರ ಬೆಲೆ ಕೇಳಿ ನನ್ನ ಹೆಂಡತಿ ಅದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕು ಎಂದಳು. ಇವುಗಳ ತಾರತಮ್ಯ ಹೇಳುವುದೇ ಅವನ ನಿತ್ಯದ ಪಾರಾಯಣ.

"ಮಾಮಾ, ಇದರ ಸೌಂಡ್‌ಸ್ಟೇಜ್ ಒಮ್ಮೆ ಕೇಳ್ರಿ."

"ಎಲ್ಲೈತಿ ಸ್ಟೇಜು?"

"ಗವಾಯಿ ಎಲ್ಲಿ, ತಬಲಾ ಎಲ್ಲಿ ಕೂತಾರ ಅಂತ ನಿಮ್ಮ ತಲಿಯೊಳಗ ಕಟ್ಟತೈತಿ."

"ನನ್ನ ತಲಿಯೊಳಗ ಜಾಗಾ ಎಷ್ಟೈತಿ ಅಂತ ಮೊದ್ಲ ನಿಮ್ಮ ಮಾಮೀನ ಕೇಳು."

ಆದರೂ ಕೇಳಿದೆ. ಬಿಟ್ಟಿ ಸಿಕ್ಕರೆ ಬೆಳಗಾವಿಯವರು ಕುಂದಾ ಬಿಡುತ್ತೇವೆಯೇ, ಸ್ಟೇಜು ಬಿಡುತ್ತೇವೆಯೇ? ಹಾಕಿಸಿಕೊಂಡದ್ದು ಕುಮಾರ ಗಂಧರ್ವರ ಒಂದು ಸ್ಟೀರಿಯೋ ಮುದ್ರಣ. 1924ರಲ್ಲಿ ನಮ್ಮ ಜಿಲ್ಲೆಯ ಸುಳೇಭಾವಿಯಲ್ಲೇ ಹುಟ್ಟಿದವರು. ತಂಬೂರಿ ಕೂಡಿಸುವುದರಲ್ಲಿ ಅವರಷ್ಟು ಹಟಮಾರಿ ಇನ್ನೊಬ್ಬರಿಲ್ಲ ಅಂತ ಹೆಸರಾದವರು. ಹೆಡ್‌ಫೋನಿನ ಪರೀಕ್ಷೆಗೆ ಇದಕ್ಕಿಂತ ಕಠಿಣ ಪ್ರಶ್ನೆಪತ್ರಿಕೆ ಬೇಕೇ?

ಮೊದಲನೆಯದು ಸೋನಿ ಎಂಡಿಆರ್ 7506. 1991ರಿಂದ ಸ್ಟುಡಿಯೋಗಳಲ್ಲಿ ದುಡಿಯುತ್ತಿರುವ ಮುಚ್ಚುಬೆನ್ನಿನ ಮಾದರಿ. ಇಂಥವು ಸಾಕ್ಷಾತ್ ನಮ್ಮೂರ ಜೈಲು: ಹಿಂದೆ ಗೋಡೆ, ಒಳಗಿನದು ಹೊರಗೆ ಹೋಗದು, ಹೊರಗಿನದು ಒಳಗೆ ಬಾರದು. ತಬಲಾದ ಚಾಟಿಯ ಮೇಲೆ ಬೆರಳು ತಾಗಿದ್ದು, ಗವಾಯಿ ಉಸಿರೆಳೆದದ್ದು ಎಲ್ಲ ಚೊಕ್ಕಟ. ಕ್ಷಯದಿಂದ ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾದ ಮೇಲೂ ಹಾಡಿದ ಮನುಷ್ಯ ಎಲ್ಲಿ ತಾನ್ ಮುರಿದು ಎಲ್ಲಿ ಮತ್ತೆ ಹಿಡಿಯುತ್ತಾರೆ ಅನ್ನುವುದು ಇದರಲ್ಲಿ ಕೂದಲೆಳೆಯಷ್ಟು ತಪ್ಪದೆ ಕೇಳುತ್ತದೆ. ಆದರೆ ಎಲ್ಲರೂ ಒಂದೇ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದಾರೆ. ಎರಡು ತಂಬೂರಿ ಬೇರೆಬೇರೆ ಅಂತ ಗೊತ್ತಾಗಲು ಪಟ್ಟು ಹಿಡಿದು ಕೂರಬೇಕು.

ಎರಡನೆಯದು ಸೆನ್‌ಹೈಸರ್ ಎಚ್‌ಡಿ 600, 1997ರದ್ದು. ಬೆನ್ನಿಗೆ ಗೋಡೆಯಿಲ್ಲ, ಬರೀ ಜಾಳಿಗೆ. ಒಳಗಿನ ಪರದೆ ನಡುಗಿದಾಗ ಹಿಂದಕ್ಕೆ ಹೊರಟ ದನಿ ಗೋಡೆಗೆ ಬಡಿದು ತಿರುಗಿ ಬರುವುದಿಲ್ಲ, ನಡೆದುಹೋಗುತ್ತದೆ. ಬೆನ್ನು ತೆರೆದ ಈ ಉಪಾಯವನ್ನು ಇದೇ ಕಂಪನಿ 1968ರಲ್ಲೇ ಎಚ್‌ಡಿ 414 ಅನ್ನುವ, ಹಳದಿ ಸ್ಪಂಜಿನ ಮಾದರಿಯಲ್ಲಿ ಮಾರಿತ್ತು. ಇದರಲ್ಲಿ ತಂಬೂರಿಗಳು ಗವಾಯಿಯ ಹಿಂದೆ, ಆಚೆಗೊಂದು ಈಚೆಗೊಂದು. ಷಡ್ಜ ಮೀಟಿದ ಮೇಲೆ ಅದರ ಬಾಲ ಎಲ್ಲಿ ಮುಗಿಯಿತು ಅನ್ನುವುದೂ ಕೇಳಿತು. ಕಂಠವಂತೂ ಮನುಷ್ಯನದು, ಯಂತ್ರದ್ದಲ್ಲ. ತಕರಾರು ಎರಡು. ವಿದ್ಯುತ್ ಭಾಷೆಯಲ್ಲಿ ಇದು 300 ಓಮಿನ ಸೋಮಾರಿ. ಫೋನಿಗೆ ಸಿಕ್ಕಿಸಿದರೆ ಮೆತ್ತಗೆ ಗೊಣಗುತ್ತದೆ, ಬೇರೆ ಆಂಪ್ಲಿಫೈಯರ್ ಡಬ್ಬಿ ಬೇಕು. ಈಗಿನ ಎಷ್ಟೋ ಫೋನುಗಳಲ್ಲಿ ವೈರಿನ ತೂತೇ ಇಲ್ಲ, ಆ ಮಾತು ಬಿಡಿ. ಇನ್ನೊಂದು, ಒಳಗೆ ವಿಲಂಬಿತ ನಡೆದಿರುವಾಗ ಹೊರಗೆ ವೆಂಗುರ್ಲಾ ರಸ್ತೆಯಲ್ಲಿ ಬಸ್ಸು ಗೇರು ಬದಲಿಸಿದ್ದೂ ಸಮಕ್ಕೆ ಸೇರಿ ಬರುತ್ತದೆ.

ಮೂರನೆಯದು, ಕೀಲಿ ಹಾಕಬೇಕಾದದ್ದು, 2009ರ ಎಚ್‌ಡಿ 800. ಒಳಗಿನ ಡ್ರೈವರ್ 56 ಮಿಲಿಮೀಟರಿನದು. ಅದನ್ನು ಕಿವಿಗೆ ನೇರ ಹಚ್ಚದೆ ಸ್ವಲ್ಪ ಮುಂದೆ, ಓರೆಯಾಗಿ ಕೂರಿಸಿದ್ದಾರೆ. ಅಳಿಯನ ಕಣ್ಣಲ್ಲಿ ನೀರು ಬರುವುದು ಇದಕ್ಕೇ. ಹೌದು, ಜಾಗ ದೊಡ್ಡದು. ಗವಾಯಿ ನಾಲ್ಕು ಮಾರು ಹಿಂದೆ ಸರಿದು ಕೂತರು. ಸಮಸ್ಯೆಯೂ ಅದೇ! ನಾನು ಹತ್ತಿರ ಕೂತು ಕೇಳುವ ಜಾತಿಯವನು. ದೂರದ ಈ ಭ್ರಮೆ ಎಲ್ಲ ಜಾಗದಿಂದಲೇ ಹುಟ್ಟುವುದೂ ಇಲ್ಲ. ಕಂಠದ ಹೊಳಪು ಇರುವ 2-3 ಸಾವಿರ ಹರ್ಟ್ಸಿನ ಸುತ್ತ ದನಿ ಕೊಂಚ ತಗ್ಗಿಸಿ, ಮೇಲಿನ ಚುರುಕು ಸ್ವರಗಳನ್ನು ಕೊಂಚ ಎತ್ತಿದರೆ ಸಾಕು, ಹಾಡುವವರು ತಾವಾಗಿಯೇ ಹಿಂದೆ ಹೋಗುತ್ತಾರೆ. 'ವಿಶಾಲ' ಅಂತ ಹೊಗಳಿಸಿಕೊಳ್ಳುವ ಎಷ್ಟೋ ಹೆಡ್‌ಫೋನುಗಳ ಒಳಗುಟ್ಟು ಇದು.

ಇಷ್ಟಾಗಿ ಮೂರರಲ್ಲೂ ಒಂದು ವಿಚಿತ್ರ ಹಾಗೇ ಉಳಿಯಿತು. ಬೈಠಕ್ಕಿನಲ್ಲಿ ತಬಲಾದವರು ಗವಾಯಿಯ ಬಲಕ್ಕೆ, ಹಾರ್ಮೋನಿಯಂ ಎಡಕ್ಕೆ. ಎದುರು ಕೂತ ನಮಗೆ ತಬಲಾ ಎಡಗಡೆಯಿಂದ ಕೇಳಬೇಕು. ಅಳಿಯ ಹೊಸ ಮುದ್ರಣವೊಂದನ್ನು ಹಾಕಿದ. ತಬಲಾ ನನ್ನ ಒಂದು ಕಿವಿಯಲ್ಲಿ, ಡಗ್ಗಾ ಇನ್ನೊಂದರಲ್ಲಿ! ಎರಡು ಮೈಕು ಹತ್ತಿರ ಇಟ್ಟು ಮುದ್ರಿಸಿ ಆಚೀಚೆ ಎಳೆದರೆ ಹೀಗೇ. ಪಾಪ, ಆ ತಬಲಾದವರು ನನ್ನ ತಲೆಯ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂತಿದ್ದರು. ಲಕ್ಷ ರೂಪಾಯಿಯ ಹೆಡ್‌ಫೋನ್ ಮಾಡಿದ್ದು ಇಷ್ಟೇ: ಆ ಕಾಲುಗಳನ್ನು ಇನ್ನಷ್ಟು ಅಗಲಿಸಿತು.

ಸ್ಪೀಕರಿನ ಮುಂದೆ ಈ ಫಜೀತಿ ಇಲ್ಲ. ಎಡಗಡೆಯ ಪೆಟ್ಟಿಗೆಯ ದನಿ ಬಲಗಿವಿಗೂ ಬರುತ್ತದೆ, ಸ್ವಲ್ಪ ತಡವಾಗಿ, ಸ್ವಲ್ಪ ಮಂಕಾಗಿ. ನಡುವೆ ತಲೆ ಅಡ್ಡ ಇದೆಯಲ್ಲ. ತಡ ಅಂದರೆ ಎಷ್ಟು? ದನಿಯ ಓಟ ಸೆಕೆಂಡಿಗೆ ಸುಮಾರು 340 ಮೀಟರು, ಕಿವಿಯಿಂದ ಕಿವಿಗೆ ಒಂದು ಗೇಣಿಗೂ ಕಡಿಮೆ. ಸೆಕೆಂಡಿನ ಸಾವಿರದ ಒಂದು ಪಾಲೂ ಪೂರ್ತಿ ಆಗುವುದಿಲ್ಲ. ಅಷ್ಟರಲ್ಲೇ ಮೆದುಳು ಲೆಕ್ಕ ಹಾಕಿ ಸೊಳ್ಳೆ ಯಾವ ಕಡೆಗಿದೆ ಅಂತ ಹೇಳುತ್ತದೆ. ಮುಂದೆಯೋ ಹಿಂದೆಯೋ, ಮೇಲೆಯೋ ಕೆಳಗೆಯೋ ಅನ್ನುವುದನ್ನು ಕಿವಿಯ ಹಾಲೆಯ ಮಡಿಕೆಗಳು ತಿಳಿಸುತ್ತವೆ. ಹೆಡ್‌ಫೋನ್ ಇದನ್ನೆಲ್ಲ ಬದಿಗೆ ಸರಿಸಿ ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಅಂತ ಪಾಲು ಹಂಚಿಬಿಡುತ್ತದೆ. ನಡುವಿನದು ಬಂದು ನೆತ್ತಿಯಲ್ಲಿ ಕೂರುತ್ತದೆ. ಹಾಲೆ ಒಬ್ಬರದಿದ್ದಂತೆ ಇನ್ನೊಬ್ಬರದಿಲ್ಲ. ಅಳಿಯನಿಗೆ ಅವರಪ್ಪನ ಮನೆತನದ ಮೊರದಗಲದ ಕಿವಿ ಬಂದಿದೆ, ನಮ್ಮ ಕಡೆಯವು ಚಿಕ್ಕವು. ಅವನಿಗೆ ಕಂಡ ಸ್ಟೇಜು ನನಗೆ ಕಾಣದಿದ್ದರೆ ತಪ್ಪು ಬೀಗರದು.

ಕೃತಕ ತಲೆಯ ಎರಡು ಕಿವಿಗಳಲ್ಲಿ ಮೈಕು ಇಟ್ಟು ಮಾಡಿದ ಮುದ್ರಣಗಳಿವೆ. ಜರ್ಮನಿಯ ನಾಯ್ಮನ್ ಕಂಪನಿ 1970ರ ದಶಕದಲ್ಲೇ ಅಂಥ ತಲೆ ಮಾರಾಟಕ್ಕೆ ಇಟ್ಟಿತ್ತು. ಅಳಿಯ ಅಂಥದ್ದೊಂದನ್ನು ಪಕ್ಕದ ಮನೆಯ ಕಾಕುಗೆ ಕೇಳಿಸಿದ, ಅದೂ ನೂರೈವತ್ತು ರೂಪಾಯಿಯ ಖಡೇ ಬಜಾರಿನ ವೈರಿನ ಇಯರ್‌ಫೋನಿನಲ್ಲಿ. ಅವರು ಕುರ್ಚಿಯಲ್ಲೇ ಗಕ್ಕನೆ ಹೊರಳಿ, "ಅಯ್ಯ, ಹಿಂದ ಯಾರೋ ಬಂದ್ರಲ್ಲೋ!" ಅಂದರು. ಸ್ಟೇಜು ಎಲ್ಲಿತ್ತು ನೋಡಿ. ಮುದ್ರಣದಲ್ಲಿತ್ತು, ಬೆಲೆಯಲ್ಲಿ ಅಲ್ಲ.

ಇನ್ನು ನಮ್ಮ ಹಳಬರ ವಿಷಯಕ್ಕೆ ಬಂದರೆ ಅಳಿಯನ ಶಾಸ್ತ್ರ ಪೂರ್ತಿ ನಿರುದ್ಯೋಗಿ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ಲರ 78 ಸುತ್ತಿನ ತಟ್ಟೆಗಳು ಮೂರು ಚಿಲ್ಲರೆ ನಿಮಿಷದವು, ಎಲ್ಲ ಮಾನೋ. ಎರಡೂ ಕಿವಿಗೆ ಒಂದೇ ದನಿ. ತಮಾಷೆ ಏನೆಂದರೆ, ಆ ಎಚ್‌ಎಂವಿ ತಟ್ಟೆಗಳ ಮೂಲ ಕಂಪನಿಯಾದ ಲಂಡನ್ನಿನ ಇಎಂಐಯಲ್ಲಿ ಕೂತು ಅಲನ್ ಬ್ಲಮ್ಲೀನ್ 1931ರಲ್ಲೇ ಸ್ಟೀರಿಯೋಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದ. ಅಂಗಡಿಗೆ ಸ್ಟೀರಿಯೋ ತಟ್ಟೆ ಬರಲು 1958 ಆಗಬೇಕಾಯಿತು. ಮನಸೂರರನ್ನು ಎಚ್‌ಡಿ 800ರಲ್ಲಿ ಕೇಳಿ, ಬಜಾರಿನ ವೈರಿನಲ್ಲಿ ಕೇಳಿ, ಅವರು ನಿಮ್ಮ ನೆತ್ತಿಯ ನಟ್ಟನಡುವೆ ಪದ್ಮಾಸನ ಹಾಕಿರುತ್ತಾರೆ, ಜಪ್ಪಯ್ಯ ಅಂದರೂ ಸರಿಯುವುದಿಲ್ಲ. ಬದಲಾಗುವುದು ಕಂಠದ ಬಣ್ಣ ಮಾತ್ರ. ಬಜಾರಿನದರಲ್ಲಿ ಬೇಸ್ ಎಷ್ಟು ತುಂಬಿದ್ದಾರೆಂದರೆ ಷಡ್ಜವೇ ನೆಗಡಿ ಹಿಡಿದವರದು. ನಾನು ಹೆಡ್‌ಫೋನಿಗೆ ದುಡ್ಡು ಹಾಕುವುದಾದರೆ ಈ ಬಣ್ಣಕ್ಕೆ ಹಾಕುತ್ತೇನೆ, ಜಾಗಕ್ಕಲ್ಲ. ಜಾಗ ಯಾರಿಗೆ ಬೇಕು? ಬೆಳಗಾವಿಯ ಕುಮಾರ ಗಂಧರ್ವ ರಂಗಮಂದಿರದಂಥ ಸಭಾಗೃಹದಲ್ಲೇ ಗವಾಯಿ ನಡುವೆ ಕೂತಿರುತ್ತಾರೆ, ದನಿ ಪಕ್ಕದ ಪೆಟ್ಟಿಗೆಯಿಂದ ಬರುತ್ತದೆ. ಸ್ಟೇಜು ಸರಿಯಿಲ್ಲ ಅಂತ ಇವತ್ತಿನವರೆಗೆ ಯಾರೂ ಎದ್ದು ಹೋಗಿಲ್ಲ.

ಅಂಗಡಿಗೆ ಹೋಗುವವರಿಗೆ ಎರಡೇ ಮಾತು. ನಿಮಗೆ ಬಾಯಿಪಾಠವಾದ ಒಂದೇ ಮುದ್ರಣವನ್ನು ಎಲ್ಲದರಲ್ಲೂ ಕೇಳಿ, ಸಪ್ಪಳ ಸಮ ಮಾಡಿಕೊಂಡು ಕೇಳಿ. ತುಸು ಜೋರಾಗಿದ್ದದ್ದು ಚಲೋ ಅನಿಸುವುದು ಕಿವಿಯ ಸ್ವಭಾವ, ಅದು ಮಾರುವವನಿಗೆ ಚೆನ್ನಾಗಿ ಗೊತ್ತು.

ನನ್ನ ತೀರ್ಪು: ಖ್ಯಾಲಿಗೆ ಎಚ್‌ಡಿ 600, ವರ್ಷದ ಹನ್ನೊಂದು ತಿಂಗಳಿಗೆ. ಉಳಿದ ಒಂದು ತಿಂಗಳು ಗಣಪತಿಯದು, ಅಂದರೆ 'ಡಾಲ್ಬಿ'ಯದು. ರೇ ಡಾಲ್ಬಿ ಅನ್ನುವ ಪುಣ್ಯಾತ್ಮ 1965ರಲ್ಲಿ ಕಂಪನಿ ತೆಗೆದದ್ದು ಟೇಪಿನ ಗದ್ದಲ ಕಡಿಮೆ ಮಾಡಲಿಕ್ಕೆ. ನಮ್ಮಲ್ಲಿ ಅವನ ಹೆಸರು ಟ್ರ್ಯಾಕ್ಟರಿನ ಮೇಲೆ ಆಳೆತ್ತರದ ಪೆಟ್ಟಿಗೆಯಾಗಿ ಮೆರವಣಿಗೆ ಹೊರಡುತ್ತದೆ, ಕಿಟಕಿಯ ಗಾಜು ತಾಳ ಹಾಕುತ್ತವೆ. ಆದ್ದರಿಂದ ಭಾದ್ರಪದದೊಳಗೆ ಕೊಳ್ಳುವವರಿದ್ದರೆ, ದಯವಿಟ್ಟು ಗೋಡೆಯಿದ್ದದ್ದನ್ನೇ ಕೊಳ್ಳಿ.