ಉಪ್ಪು ಹಾಕಿದ ಮಾತು

ಬಳ್ಳಾರಿ ಸೀಮೆಯ ತಂಬ್ರಹಳ್ಳಿ ಕಡೆ ನಿಮ್ಮನ್ನು ಯಾರಾದರೂ ಒಂದೇ ಸಮನೆ ಬಹುವಚನದಲ್ಲಿ ಮಾತಾಡಿಸುತ್ತಿದ್ದರೆ ಹುಷಾರಾಗಿರಬೇಕು. ಎಲ್ಲೋ ಏನೋ ಸಿಟ್ಟಿದೆ. ಪ್ರೀತಿ ಇದ್ದವರು "ಎಲ್ಲಿ ಹಾಳಾಗಿ ಹೋಗಿದ್ದಿಲೇ ಇಷ್ಟು ದಿನ?" ಎಂದೇ ಬಾಗಿಲು ತೆಗೆಯುತ್ತಾರೆ. ಮನೆಗೆ ಬಂದ ನೆಂಟನನ್ನೂ ಮೆಕ್ಕೆಜೋಳಕ್ಕೆ ನುಗ್ಗಿದ ಎಮ್ಮೆಯನ್ನೂ ವಿಚಾರಿಸಿಕೊಳ್ಳುವ ದನಿ ಒಂದೇ.

ಇಂಥ ಸೀಮೆಯಲ್ಲಿ ಕ್ರೈಸ್ತರಾಗಿ ಬಾಳುವುದು ನಾಲಿಗೆಗೆ ಕಷ್ಟದ ಕೆಲಸ. ಮಾತು ಕೃಪೆಯಿಂದ ಕೂಡಿರಲಿ ಎಂದು ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ 4ನೇ ಅಧ್ಯಾಯದಲ್ಲಿ ಬುದ್ಧಿ ಹೇಳಿದ. ಯಾಕೋಬನಂತೂ ತನ್ನ 3ನೇ ಅಧ್ಯಾಯದಲ್ಲಿ ನಾಲಿಗೆಯನ್ನು ಬೆಂಕಿ ಎಂದೇ ಕರೆದ. ಪಾಪ, ಅವನು ಹಗರಿಬೊಮ್ಮನಹಳ್ಳಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದನ್ನು ನೋಡಿದವನಲ್ಲ.

ನಮ್ಮ ದೊಡ್ಡಮ್ಮನಿಗೆ ಎರಡು ಕನ್ನಡ ಬರುತ್ತಿತ್ತು. ಪ್ರಾರ್ಥನೆಗೆ ಕೂತರೆ ಅಚ್ಚುಕಟ್ಟಾದ ಬೈಬಲ್ ಕನ್ನಡ: "ಕರ್ತನೇ, ನಿನ್ನ ಸನ್ನಿಧಾನಕ್ಕೆ ಬಂದಿದ್ದೇವೆ." ಅಷ್ಟರಲ್ಲಿ ಕೋಳಿ ಚಾಪೆ ಹತ್ತಿದರೆ, ಕಣ್ಣು ತೆರೆಯದೆ, "ನಿನ್ನ ಕುತ್ತಿಗಿ ಮುರೀಲಿ!" ಆ ಶಾಪವೂ ಭಾನುವಾರದ ಹೊತ್ತಿಗೆ ತಪ್ಪದೆ ನೆರವೇರುತ್ತಿತ್ತು. ಬೈಬಲ್ ಕನ್ನಡದ ಮಾತಿಗೆ ಬಂದರೆ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಬೈಬಲನ್ನು ಅನುವಾದಿಸಿದವರು. ಬಳ್ಳಾರಿಯ ಬಿಸಿಲಲ್ಲಿ ಕಲಿತ ಕನ್ನಡ ಅಷ್ಟು ತಣ್ಣಗೆ ಹೇಗೆ ಬಂತೋ! ಸಂತೆಯ ಹೊತ್ತಿನಲ್ಲಿ ಅವರು ಮನೆಯೊಳಗೇ ಇರುತ್ತಿದ್ದರೆಂದು ನನ್ನ ಗುಮಾನಿ.

ದೊಡ್ಡಮ್ಮನ ಎದುರು ಪಕ್ಷ ನಮ್ಮ ಸಭೆಯ ಒಬ್ಬ ಸಹೋದರಿ. ಆಕೆಯ ಬಾಯಲ್ಲಿ ಒಂದೂ ಬಿರುಸು ಮಾತು ಬರುತ್ತಿರಲಿಲ್ಲ. ಊರ ಸುದ್ದಿಯೆಲ್ಲ ಪ್ರಾರ್ಥನೆಯ ವಿನಂತಿಯಾಗಿಯೇ ಬರುತ್ತಿತ್ತು. "ಒಂದು ಕುಟುಂಬಕ್ಕಾಗಿ ಭಾರ ಹೊತ್ತು ಪ್ರಾರ್ಥಿಸೋಣ. ಹೆಸರು ಬೇಡ. ಹಸಿರು ಬಾಗಿಲಿನ ಮನೆ, ನಲ್ಲಿಯ ಪಕ್ಕದ್ದು. ಸಾಲ ಎಷ್ಟೆಂದು ಕರ್ತನಿಗೆ ಗೊತ್ತು." ಕರ್ತನಿಗಷ್ಟೇ ಗೊತ್ತಿದ್ದದ್ದು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು.

"ಆಕಿ ಮಾತು ಎಷ್ಟು ಸಿಹಿ ನೋಡು" ಎಂದು ಯಾರೋ ಹೊಗಳಿದಾಗ ದೊಡ್ಡಮ್ಮ ಕನ್ನಡಕ ಹಾಕಿ, ಪೌಲನ ಪತ್ರವನ್ನೇ ತೆರೆದು ಬೆರಳಿಟ್ಟಳು: "ಪೌಲಪ್ಪ ಮಾತಿಗೆ ಉಪ್ಪು ಹಾಕು ಅಂದಾನ. ಸಕ್ಕರಿ ಹಾಕು ಅಂತ ಎಲ್ಲಿ ಐತಿ, ತೋರಿಸು." ದೈವಶಾಸ್ತ್ರದ ಕಾಲೇಜಿನಲ್ಲಿ ಓದಿದವರೂ ಅಲ್ಲಿದ್ದರು, ಯಾರೂ ತೋರಿಸಲಿಲ್ಲ.

ಕಡಿಮೆ ಮಾತಿನ ಮೇಲೂ ದೊಡ್ಡಮ್ಮನಿಗೆ ಗೌರವವಿತ್ತು, ತನ್ನದನ್ನು ಬಿಟ್ಟು. ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ, "ಸದ್ದಲೇ" ಎಂದು ಜನಸಾಗರವನ್ನೇ ಸುಮ್ಮನಾಗಿಸಿ, ಒಂದೇ ಒಂದು ಸಾಲು ಕಾರ್ಣಿಕ ನುಡಿದು ಇಳಿಯುತ್ತಾನೆ. ಸೀಮೆಯ ಜನ ವರ್ಷವಿಡೀ ಅದರ ಅರ್ಥ ಹುಡುಕುತ್ತಾರೆ. "ನಮ್ಮ ಅಯ್ಯನೋರನ್ನೂ ಒಮ್ಮೆ ಬಿಲ್ಲು ಹತ್ತಿಸಬೇಕು" ಎಂಬುದು ಪಾದ್ರಿಗಳ ಉದ್ದನೆಯ ಪ್ರಸಂಗ ಕೇಳಿ ಬಂದ ಭಾನುವಾರಗಳ ಆಕೆಯ ಹರಕೆ.

ಒಮ್ಮೆ ಸಹೋದರಿ ಜ್ವರ ಬಂದು ಮಲಗಿದಳು. ಸಿಹಿ ಮಾತಿನ ಬಳಗದಿಂದ ನಿಮಗಾಗಿ ಪ್ರಾರ್ಥಿಸುತ್ತಿದ್ದೇವೆ ಎಂಬ ಸಂದೇಶಗಳು ಮೊಬೈಲ್ ತುಂಬ ಬಂದವು. ಗಂಜಿ ಹೊತ್ತು ಹೋದವಳು ದೊಡ್ಡಮ್ಮ. "ಬಾಯಿ ತೆಗಿ. ಊರ ಸುದ್ದಿಗೆ ತೆಗಿತಿದ್ದೆಲ್ಲ, ಗಂಜಿಗೆ ಏನಾತು?" ಆಕೆ ಪೂರ್ತಿ ಕುಡಿದು, ಕಣ್ಣೊರೆಸಿಕೊಂಡು, "ಕರ್ತನು ನಿಮ್ಮನ್ನು ಆಶೀರ್ವದಿಸಲಿ" ಎಂದಳು.

"ಅದೆಲ್ಲ ಆಮ್ಯಾಲೆ," ಎಂದಳು ದೊಡ್ಡಮ್ಮ, "ಮೊದಲು ಬೋಗುಣಿ ಕೊಡು. ಹ್ವಾದ ವರ್ಷದ್ದೂ ನಿಮ್ಮನಿಯಾಗ ಐತಿ."