ಹವಳದೀಪ ಮೀಮಾಂಸೆ

ಲಕ್ಷಣ: ಹವಳ ಗಿಡವಲ್ಲ, ಕಲ್ಲೂ ಅಲ್ಲ, ಪ್ರಾಣಿ. ಅದರ ಮೈಯೊಳಗೆ ಝೂಝಾಂಥೆಲ್ಲೆ ಎಂಬ ಸೂಕ್ಷ್ಮ ಪಾಚಿಯ ವಾಸ. ಬೆಳಕು ಬೇಕಾದದ್ದು ಪಾಚಿಗೆ; ಅದು ತಯಾರಿಸುವ ಸಕ್ಕರೆಯ ಬಹುಪಾಲು ಹವಳಕ್ಕೆ. ಆರ್.ಟಿ. ನಗರದ ಮಾಲೀಕ ಬಾಡಿಗೆದಾರರ ಸಂಬಂಧವೂ ಇಂಥದ್ದೇ, ಹತ್ತು ತಿಂಗಳ ಅಡ್ವಾನ್ಸ್ ಒಂದನ್ನು ಬಿಟ್ಟು. ಬೆಳಕೋ ಶಾಖವೋ ಮಿತಿಮೀರಿದರೆ ಮಾಲೀಕ ನೋಟಿಸ್ ಕೊಡದೆ ಬಾಡಿಗೆದಾರನನ್ನು ಹೊರಹಾಕಿ, ತಾನೂ ಬಿಳಿಚಿಕೊಂಡು ಉಪವಾಸ ಬೀಳುತ್ತಾನೆ.

ದೇಶ: ಯಲಹಂಕ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಕರ್ನಾಟಕದ ಹವಳಕ್ಕೆ ಹೆಸರಾದದ್ದು ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪ. ಆದ್ದರಿಂದ ಮೂರನೇ ಮಹಡಿಯ ಗಾಜಿನ ತೊಟ್ಟಿಯಲ್ಲಿ ಸಮುದ್ರ ಕಟ್ಟುವವರು ಉಪ್ಪು, ಆರ್‌ಓ ನೀರು, ಬೆಳಕು ಮೂರನ್ನೂ ದುಡ್ಡು ಕೊಟ್ಟೇ ತರಬೇಕು.

ಅಧಿಕಾರ: ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿವೆ, ಮನೆಯಲ್ಲಿ ಸಾಕುವಂತಿಲ್ಲ. ಅವುಗಳ ದೀಪವನ್ನು ಕಾಯ್ದೆಯೇ ಆರಿಸಿರುವುದರಿಂದ ಈ ಶಾಸ್ತ್ರ ಮಶ್ರೂಮ್, ಝೋಆಂಥಿಡ್ ಮುಂತಾದ ಮೃದುಜಾತಿಗೆ ಸೀಮಿತ.

ಪ್ರಮಾಣ: ಮೃದುಜಾತಿಗೆ 50ರಿಂದ 150 ಮೈಕ್ರೋಮೋಲ್ (ಪಾಚಿಗೆ ದಕ್ಕುವ ಬೆಳಕಿನ ಅಳತೆ) ಬೆಳಕು ಸಾಕು. ಕೋಣೆಯ ಟ್ಯೂಬ್‌ಲೈಟ್ ಹತ್ತನ್ನೂ ಮುಟ್ಟದು. ಹೊಸ ದೀಪವನ್ನು ಅರ್ಧ ಬಲದಲ್ಲಿ ಆರಂಭಿಸಿ ಎರಡು ಮೂರು ವಾರಗಳಲ್ಲಿ ಏರಿಸಬೇಕು. ಅವಧಿ, ದಿನಕ್ಕೆ 8ರಿಂದ 10 ಗಂಟೆ, ಟೈಮರಿನ ಅಧೀನ.

ವರ್ಣ: ನೀರು ಕೆಂಪನ್ನು ಮೊದಲು ನುಂಗುತ್ತದೆ, ಆಳಕ್ಕಿಳಿಯುವುದು ನೀಲಿ. ಪಾಚಿಗೂ ಅದೇ ಒಗ್ಗಿದೆ. ಹೀಗಾಗಿ 420ರಿಂದ 460 ನ್ಯಾನೋಮೀಟರಿನ ಎಲ್‌ಇಡಿ ಶ್ರೇಷ್ಠ. ಈ ಬೆಳಕಿನಲ್ಲಿ ಊಟಕ್ಕೆ ಕೂತರೆ ಟೊಮೇಟೊ ಸಾರು ಕಪ್ಪಗೆ ಕಾಣುತ್ತದೆ. ರುಚಿಗೆ ಭಂಗವಿಲ್ಲವೆಂದು ತೊಟ್ಟಿಯ ಯಜಮಾನರೂ, ಇದೆಯೆಂದು ಬಡಿಸುವವರೂ ವಾದಿಸುತ್ತಾರೆ.

ಪೂರ್ವಪಕ್ಷ: 'ಬಿಟ್ಟಿ ಬಿಸಿಲಿರುವಾಗ ದೀಪವೇಕೆ? ತೊಟ್ಟಿಯನ್ನು ಕಿಟಕಿಗೆ ಸರಿಸಿದರಾಯಿತು' ಎಂಬುದು ಯಶವಂತಪುರದ ಹಿರಿಯರ ಮತ.

ಖಂಡನೆ: ನಡುಮಧ್ಯಾಹ್ನದ ಬಯಲು ಬಿಸಿಲು 2000 ಮೈಕ್ರೋಮೋಲಿನವರೆಗೆ ಏರುತ್ತದೆ. 25 ಡಿಗ್ರಿಯ ಆಸುಪಾಸಿನಲ್ಲಿರಬೇಕಾದ ನೀರು ಏಪ್ರಿಲ್ಲಿನಲ್ಲಿ ಕಾಯುತ್ತದೆ, ಗಾಜಿನ ಮೇಲೆ ಕರೆಯದ ಪಾಚಿ ಹಬ್ಬುತ್ತದೆ. ಆಷಾಢದ ಮೋಡದಲ್ಲಿ ಆ ಬಿಸಿಲೂ ನಾಪತ್ತೆ. ಪಕ್ಕದ ಸೈಟಿನಲ್ಲಿ ನಾಲ್ಕಂತಸ್ತು ಎದ್ದರಂತೂ ವರ್ಷವಿಡೀ ಆಷಾಢವೇ.

ಸಿದ್ಧಾಂತ: ದೀಪ ಬೇಕೇ ಬೇಕು, ಆದರೆ ಕರೆಂಟ್ ಹೋದಾಗ ಅಲ್ಲ. ಕೆಲವು ಗಂಟೆಗಳ ಕತ್ತಲನ್ನು ಹವಳ ತಾಳಿಕೊಳ್ಳುತ್ತದೆ. ನೀರು ಹರಿಯದೆ ಆಮ್ಲಜನಕ ಇಳಿದರೆ ತಾಳದು. ಆದ್ದರಿಂದ ಇನ್ವರ್ಟರಿನ ಮೇಲೆ ಮೊದಲ ಹಕ್ಕು ಪಂಪಿನದು, ಎರಡನೆಯದು ವೈಫೈಯದು. ಮನೆಯವರ ಫ್ಯಾನಿನ ವಿಚಾರ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.